ಹಾಲವ್ವಕ್ಕನಿಗೆ ತಿಳಿಯುವ ಹಾಗೆ

ಬನಹಟ್ಟಿಯ ಓಣಿಗಳಲ್ಲಿ ಮಗ್ಗಗಳ ಸದ್ದು ಇನ್ನೂ ಶುರುವಾಗಿಲ್ಲ. ಊರಂಚಿನ ಪದವಿ ಕಾಲೇಜಿನ ಸಭಾಭವನದಲ್ಲಿ ಹಾಲವ್ವಕ್ಕ ಆಗಲೇ ಕಸ ಹೊಡೆದು, ಜಮಖಾನೆಗಳನ್ನು ಅರ್ಧ ದುಂಡಗೆ ಹಾಸುತ್ತಿದ್ದಾರೆ. ಒಂದನ್ನು ಹಾಸುತ್ತಾರೆ, ಕಿಟಕಿ ನೋಡುತ್ತಾರೆ, ಮತ್ತೆ ಎಳೆದು ಸರಿಸುತ್ತಾರೆ. ಯಾಕಕ್ಕಾ ಎಂದು ಹಿಂದಿನಿಂದ ಕೇಳಿದರೆ ಉತ್ತರ ಬರುವುದಿಲ್ಲ. ಎದುರಿಗೆ ಹೋಗಿ ನಿಂತು ಕೇಳಬೇಕು.

"ಬೆಳಕಿಗೆ ಬೆನ್ನ ಮಾಡಿ ಕುಂತ್ರ ಮಾರಿ ಕಪ್ಪ ಕಾಣತೈತ್ರಿ. ಬಾಯಿ ಕಾಣಲಿಲ್ಲಂದ್ರ ಮಾತು ನನಗ ತಿಳಿಯಂಗಿಲ್ಲ."

ಐವತ್ತು ದಾಟಿದ ಹಾಲವ್ವಕ್ಕ ಈ ಕಾಲೇಜಿನ ಸಿಪಾಯಿ. ನೀರು ತುಂಬುವುದು, ಗಂಟೆ ಬಾರಿಸುವುದು ಅವರದೇ ಕೆಲಸ. ತಾವು ಬಾರಿಸಿದ ಗಂಟೆಯೂ ಅವರಿಗೆ ಸರಿಯಾಗಿ ಕೇಳಿಸುವುದಿಲ್ಲ. ಲಂಗ ಉಡುವ ವಯಸ್ಸಿನಿಂದ ವಿದ್ಯುತ್ ಮಗ್ಗಗಳ ನಡುವೆ ದುಡಿದು ಕಿವಿ ಕಳೆದುಕೊಂಡವರು ಅವರು. ಕಿವಿ ಹೋದ ಮೇಲೆ ಆ ಕೆಲಸವೂ ಹೋಯಿತು. 'ಕಿವುಡಿ' ಎಂದು ಬಾಗಿಲಿನಿಂದಲೇ ಕಳಿಸಿದವರಿಗೆ ಲೆಕ್ಕವಿಲ್ಲ. ಆದರೂ ಮಗ್ಗದ ಮನೆಯನ್ನು ಅವರು ಬೈಯುವುದಿಲ್ಲ.

"ಅಲ್ಲೆ ಯಾರೂ ಒದರತಿರಲಿಲ್ರಿ. ಒದರಿದ್ರೂ ಕೇಳತಿರಲಿಲ್ಲ. ಒಬ್ಬರ ಬಾಯಿ ಒಬ್ಬರು ನೋಡಿ ಮಾತಾಡತಿದ್ವಿ."

ಇಲ್ಲಿ ಪ್ರತಿ ಶನಿವಾರ ಮುಂಜಾನೆ ರಾಜಶ್ರೀ ಮೇಡಂ ವಿದ್ಯಾರ್ಥಿಗಳನ್ನು ಕೂಡಿಸಿ ಯುದ್ಧ, ಸಂಧಾನ, ಅಹಿಂಸೆಯ ಬಗ್ಗೆ ಮಾತುಕತೆ ನಡೆಸುತ್ತಾರೆ. ಶಾಂತಿಯ ಮೇಲೆ ಭಾಷಣ ಮಾಡಲು ಮೈಕಿಗಾಗಿ ಕಿತ್ತಾಡಿದವರನ್ನು ಪತ್ರಿಕೆಗೆ ಬರೆಯುವ ನಾನು ಬೇಕಾದಷ್ಟು ಕಂಡಿದ್ದೇನೆ. ಇಲ್ಲೂ ಮೊದಲು ಅದೇ ಹಾಡು. ಹೋದ ವರ್ಷ ಗಡಿಯಲ್ಲಿ ಗುಂಡು ಹಾರುತ್ತಿದ್ದಾಗ ಕಲ್ಮೇಶ ಎಂಬ ಹುಡುಗ "ಮಾತುಕತಿ ಅನ್ನಾವ್ರೆಲ್ಲ ಹೇಡಿಗೋಳು" ಎಂದ. ಮಾತುಕತೆಯೇ ಬೇಕೆಂದಿದ್ದ ಶುಭದಾ ತಿರುಗಿ ಬಿದ್ದಳು. ಎರಡೂ ಕಡೆಯವರು ಎದ್ದರು. ಆಗಿನ್ನೂ ಕುರ್ಚಿಗಳಿದ್ದವು, ಒಂದು ಮೇಲಕ್ಕೂ ಹೋಯಿತು. ನೀರಿನ ಕೊಡ ಹಿಡಿದು ಬಂದ ಹಾಲವ್ವಕ್ಕ ನಟ್ಟನಡುವೆ ನಿಂತರು.

"ಒಬ್ಬೊಬ್ಬರ ಮಾತಾಡ್ರೋ! ಎಲ್ಲಾರ ಬಾಯಿ ಒಮ್ಮೆಲೆ ನೋಡಾಕ ನನಗೇನ ನಾಕ ಕಣ್ಣ ಅದಾವೇನು?"

ನಗು ಎದ್ದಿತು. ಕಲ್ಮೇಶ ಅವರ ಕಡೆ ತಿರುಗಿ, ಬಿಡಿಸಿ ಬಿಡಿಸಿ ಹೇಳತೊಡಗಿದ. ನಿಧಾನ ಮಾಡಿದಾಗ ಸಿಟ್ಟಿನ ಕೆಳಗಿದ್ದದ್ದು ಹೊರಬಿತ್ತು. ಅವನ ಅಣ್ಣ ಗಡಿಯಲ್ಲಿ ಸೈನಿಕ, ವಾರದಿಂದ ಫೋನಿಲ್ಲ. ಶುಭದಾ ಅವನ ಹತ್ತಿರ ಬಂದು ಕುಳಿತು ಅಣ್ಣನ ಹೆಸರು ಕೇಳಿದಳು. ಅಣ್ಣನ ಫೋನು ಎರಡು ದಿನ ಬಿಟ್ಟು ಬಂತು. ಅಂದಿನಿಂದ ಇಲ್ಲಿ ಒಂದೇ ನಿಯಮ: ಹಾಲವ್ವಕ್ಕನಿಗೆ ತಿಳಿಯುವ ಹಾಗೆ ಮಾತಾಡಬೇಕು.

ಇವತ್ತು ಆ ನಿಯಮಕ್ಕೆ ಅಗ್ನಿಪರೀಕ್ಷೆ. ಹೋದ ವಾರ ವಾಲಿಬಾಲ್ ಮೈದಾನದಲ್ಲಿ ಈ ಕಾಲೇಜಿನವರೂ ಮುಧೋಳದ ಕಾಲೇಜಿನ ಹುಡುಗರೂ ಹೊಡೆದಾಡಿದ್ದಾರೆ. ಮುಧೋಳದವರನ್ನೂ ಈಗ ಮಾತಿಗೆ ಕರೆದಿದ್ದಾರೆ. ಒಂದು ಕೈ ಮೇಲೆದ್ದರೂ ಶನಿವಾರದ ಮಾತುಕತೆ ಬಂದ್ ಎಂದು ಪ್ರಾಚಾರ್ಯರು ಖಡಾಖಂಡಿತವಾಗಿ ಹೇಳಿದ್ದಾರೆ.

"ಬಂದ್ ಆಗಾಕ ನಾ ಬಿಡಂಗಿಲ್ರಿ," ಎನ್ನುತ್ತಾ ಹಾಲವ್ವಕ್ಕ ಎದುರಿನವರ ಮುಖಕ್ಕೆ ಬೆಳಕು ಬೀಳುವ ಹಾಗೆ ತಾವೇ ಕಿಟಕಿಗೆ ಬೆನ್ನು ಕೊಟ್ಟು ಕೂಡುತ್ತಾರೆ.

ಎರಡೂ ಕಡೆಯವರು ಬಂದು ಕೂತ ಮೇಲೆ, ಹುಬ್ಬಿಗೆ ಪಟ್ಟಿ ಹಾಕಿಕೊಂಡ ಮುಧೋಳದ ಗುರುಸಿದ್ದ ಎದ್ದವನೇ ಕಿರುಚುತ್ತಾನೆ. ಹಾಲವ್ವಕ್ಕ ಅವನ ಬಾಯಿಯನ್ನೇ ನೋಡುತ್ತಾರೆ.

"ತಿಳೀಲಿಲ್ಲ ತಮ್ಮಾ. ಮತ್ತೊಮ್ಮೆ ಹೇಳು."

ಇನ್ನೂ ಜೋರಾಗಿ ಕಿರುಚುತ್ತಾನೆ. ಬನಹಟ್ಟಿಯ ಹುಡುಗರು ಮೈ ಬಿಗಿ ಮಾಡುತ್ತಾರೆ.

"ತಿಳೀಲಿಲ್ಲೋ ನನ್ನಪ್ಪಾ. ಸಾವಕಾಶ ಹೇಳು, ನಾ ಎಲ್ಲೂ ಹೋಗಂಗಿಲ್ಲ."

ಹುಡುಗ ಉಸಿರು ಬಿಡುತ್ತಾನೆ. "ತೀರಿಕೊಂಡ ನಮ್ಮಪ್ಪನ ಹೆಸರ ತಗದು ಬೈದ್ರಬೇ."

ಆಮೇಲೆ ಏಳುವವನು ಕಲ್ಮೇಶ. ಗುರುಸಿದ್ದನ ಮುಖ ನೋಡಿ ಹೇಳುತ್ತಾನೆ: "ಬೈದಾಂವ ನಾನ. ಅವರು ತೀರಿಕೊಂಡಿದ್ದು ಗೊತ್ತಿರಲಿಲ್ಲ. ಗೊತ್ತಿರದಿದ್ರೂ ಬೈಬಾರದಿತ್ತು. ತಪ್ಪಾತು."

ಕೈಗಳೇನೋ ಮೇಲೆದ್ದವು, ಚಹಾದ ಕಪ್ಪಿಗೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಪ್ರಾಚಾರ್ಯರೂ ಒಂದು ಕಪ್ಪು ಇಸಿದುಕೊಂಡು ಮುಂದಿನ ಶನಿವಾರ ಎಷ್ಟು ಹೊತ್ತಿಗೆ ಎಂದು ಕೇಳಿದರು.

ಜಮಖಾನೆ ಮಡಚುತ್ತಿದ್ದ ಹಾಲವ್ವಕ್ಕನ ಎದುರು ಹೋಗಿ ನಿಂತು, ವಿದ್ಯಾರ್ಥಿಗಳು ಜಮಖಂಡಿಯಿಂದ ನಿಮಗೆ ಕಿವಿಯ ಯಂತ್ರ ತರಿಸುತ್ತಿದ್ದಾರಂತೆ, ಹಾಕಿಕೊಳ್ಳುತ್ತೀರಾ ಎಂದು ಕೇಳುತ್ತೇನೆ.

"ಹಾಕ್ಕೋತೇನ್ರಿ. ಮೊಮ್ಮಗಳು ಛಲೋ ಹಾಡತಾಳಂತ, ಒಮ್ಮೆ ಕೇಳಬೇಕು." ಮಡಚಿದ ಜಮಖಾನೆಯನ್ನು ತೋಳಿಗೇರಿಸಿಕೊಂಡು ಅವರು ಸಭಾಭವನವನ್ನೊಮ್ಮೆ ನೋಡುತ್ತಾರೆ. "ಆದ್ರ ಶನಿವಾರ ಅದನ್ನ ಮನ್ಯಾಗ ಇಟ್ಟ ಬರತೇನಿ."