ಸ್ಟ್ರೈಕರ್‌ ಮಂಡಿಗೆ ತೆಗೆದ ದೃಷ್ಟಿ

ಅಮೆರಿಕದ ಜರ್ಮನ್‌ಟೌನಿನ ನಮ್ಮ ಅಪಾರ್ಟ್‌ಮೆಂಟ್‌ ಪಾರ್ಕಿಂಗ್‌ ಲಾಟಿನಲ್ಲಿ ಅತ್ತೆ ಮುಷ್ಟಿ ತುಂಬ ಉಪ್ಪು, ಒಣಮೆಣಸಿನಕಾಯಿ ಹಿಡಿದು, ಕೆಳಮನೆಯ ಉಕ್ರೇನ್ ಫುಟ್‌ಬಾಲ್ ಸ್ಟ್ರೈಕರನ ಎದುರು ನಿಂತಿದ್ದರು. ಅವನಿಗೆ ಮೂರು ಸಲ ಎಡಮಂಡಿಯ ಆಪರೇಷನ್ ಆಗಿತ್ತು. ಒಂದು ವರ್ಷದ ಬಳಿಕ ಅವನು ಆಡಲಿದ್ದ ಮೊದಲ ಪಂದ್ಯ ಮರುದಿನವೇ ಇತ್ತು. ಅತ್ತೆಗೆ ಅವನ ತಲೆ ಎಟುಕದು. ಅವನಿಗೋ ಮಂಡಿ ಊರಲು ಭಯ. ಕೊನೆಗೆ ಅತ್ತೆಯೇ ಐಸ್ ತುಂಬುವ ನಮ್ಮ ಕೂಲರ್ ಡಬ್ಬ ಹತ್ತಿ ನಿವಾಳಿಸಿದರು.

“ಎಲ್ಲರ ಕಣ್ಣೂ ಆ ಎಡಮಂಡಿ ಮೇಲೇ ಬಿದ್ದಿದೆ ಕಣಮ್ಮ. ಮೂರು ಸಲ ಉಗಿಯೋಕೆ ಹೇಳು ಅವನಿಗೆ,” ಎಂದರು.

ನಾಚಿಕೆಯಿಂದ ನಾನು ಇಂಗ್ಲಿಷ್ ಪದ ಹುಡುಕುವಷ್ಟರಲ್ಲಿ ಅವನೇ ಮೂರು ಸಲ ಉಗಿದ. “ನಮ್ಮಜ್ಜಿನೂ ಹೀಗೇ ಮಾಡ್ತಿದ್ರು,” ಎಂದ, ಇಂಗ್ಲಿಷಿನಲ್ಲಿ.

ಪಂದ್ಯದಲ್ಲಿ ಎಡಮಂಡಿಗೆ ಏನೂ ಆಗಲಿಲ್ಲ. ಹತ್ತೇ ನಿಮಿಷಕ್ಕೆ ಬಲಗಾಲು ಉಳುಕಿತು. ಸಂಜೆ ಬಾಗಿಲು ತೆರೆದರೆ ಕುಂಟುತ್ತ ನಿಂತಿದ್ದ: ಕೈಯಲ್ಲಿ ಉಪ್ಪಿನ ಡಬ್ಬ, ಕಂಕುಳಲ್ಲಿ ಅತ್ತೆಗೊಂದು ಸ್ಟೂಲು.