ಗುಲ್ಶನ್ ನರ್ಸ್ ಅಲ್ಲ

ಗುಲ್ಶನ್ ನರ್ಸ್ ಅಲ್ಲ. ಇದನ್ನು ನಾನು ಎಷ್ಟು ಮನೆಗಳಲ್ಲಿ ಹೇಳಿದ್ದೇನೋ ನನಗೇ ನೆನಪಿಲ್ಲ. ಅವಳಂತೂ ಹೇಳಿ ಹೇಳಿ ಬೇಸತ್ತಿದ್ದಳು. ಆದರೂ ನಮ್ಮ ಜನರ ತಲೆಗೆ ಹೋಗಬೇಕಲ್ಲ!

ಈ ಪರದೇಶದಲ್ಲಿ, ಬೆರ್ರಿಯೆಸಾದ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಹುಬ್ಬಳ್ಳಿಯವಳು. ಗಂಡ ವಾಹಿದ್ ಟೈರ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅವಳು ಮೊದಲು ಡೇಕೇರಿನಲ್ಲಿದ್ದು, ಆಮೇಲೆ ಕ್ಯಾಂಪ್‌ಬೆಲ್‌ನ ಒಂದು ಏಜೆನ್ಸಿ ಸೇರಿ, ವಯಸ್ಸಾದವರನ್ನು ಅವರ ಮನೆಯಲ್ಲೇ ನೋಡಿಕೊಳ್ಳುವ ಕೆಲಸ ಹಿಡಿದಳು. ಸ್ನಾನಕ್ಕೆ ಕೈ ಆಸರೆ ಕೊಡುವುದು, ತಲೆ ಬಾಚುವುದು, ಹೊತ್ತಿಗೆ ಸರಿಯಾಗಿ ಉಣ್ಣಿಸುವುದು, ಪಾರ್ಕಿಗೆ ಕರೆದೊಯ್ಯುವುದು, ಪಕ್ಕದಲ್ಲಿ ಕೂತು ಮಾತಾಡುವುದು. ಔಷಧಿ, ಸೂಜಿ ಮುಟ್ಟುವ ಹಾಗಿಲ್ಲ ಎಂದು ಏಜೆನ್ಸಿಯವರು ಮೊದಲ ದಿನವೇ ಹೇಳಿ ಕಳಿಸಿದ್ದರು. ಇದರಲ್ಲಿ ಅರ್ಥವಾಗದ್ದು ಏನಿದೆ ಹೇಳಿ?

ಕೆಲವರು ಅವಳ ಕೈಗೆ ಬಾತ್‌ರೂಮ್ ಉಜ್ಜುವ ಬ್ರಷ್ಷು ಕೊಟ್ಟರು. ಗರಾಜು ಗುಡಿಸು ಎಂದವರೂ ಇದ್ದರು. ಅಂಥವರಿಗೆ ಅವಳು ಮುಖದ ಮೇಲೆ ಹೊಡೆದ ಹಾಗೆ ಹೇಳಿ ಬರುತ್ತಿದ್ದಳು. ಶೈಲಜಾ ಮಾತ್ರ ಇನ್ನೊಂದು ತುದಿಗೆ ಹೋದಳು.

ಶೈಲಜಾ ನನಗೆ ಕನ್ನಡ ಕೂಟದ ಪರಿಚಯ. ರೋಣದ ಕಡೆಯವಳಾದರೂ ಬೆಂಗಳೂರಿನಲ್ಲಿ ಓದಿ ಊರಿನ ಮಾತನ್ನು ಪೂರ್ತಿ ಒರೆಸಿಕೊಂಡಿದ್ದಳು. ತೊಂಬತ್ತೊಂಬತ್ತರಲ್ಲಿ ಅವಳ ಕಂಪನಿಯ ಷೇರು ಮೇಲೇರಿ, ಗಂಡ ಶಿವರಾಮು ಸರಟೋಗಾದಲ್ಲಿ ದೊಡ್ಡ ಮನೆ ಕೊಂಡ. ಜೊತೆಗಿದ್ದವಳು ಅವಳ ತಾಯಿ ಬಂಗಾರೆವ್ವ. ಸಕ್ಕರೆ ಕಾಯಿಲೆ, ಮೊಣಕಾಲು ನೋವು. ಮಗಳು ಅಳಿಯ ಆಫೀಸಿನಿಂದ ಬರುವುದು ಕತ್ತಲಾದ ಮೇಲೆ. ಏಜೆನ್ಸಿ ಗುಲ್ಶನ್‌ಳನ್ನು ಕಳಿಸಿತು. ಅವಳ ಮಾತು ಕಿವಿಗೆ ಬಿದ್ದದ್ದೇ ತಡ, ಮುದುಕಿ, “ಯವ್ವಾ, ಬಾಯಿ ತುಂಬ ಮಾತಾಡಾಕ ಒಬ್ಬಾಕಿ ಸಿಕ್ಕಳಲ್ಲವಾ!” ಎಂದು ಅವಳ ಕೈ ಹಿಡಿದುಕೊಂಡಳಂತೆ. ಗುಲ್ಶನ್ ಎಲ್ಲಿಂದಲೋ ಜೋಳದ ಹಿಟ್ಟು ಹುಡುಕಿ ತಂದು ರೊಟ್ಟಿ ಬಡಿದಳು. ಇಬ್ಬರೂ ಪಾರ್ಕಿನ ಬೆಂಚಿನ ಮೇಲೆ ಕೂತು ಊರೆಲ್ಲ ಆಡಿಕೊಂಡು ನಗುತ್ತಿದ್ದರು.

ಇಷ್ಟು ಚೆಂದದ ವಿಷಯವನ್ನು ಹೇಳಿಕೊಳ್ಳಲು ಶೈಲಜಾಗೆ ನಾಚಿಕೆ. ತಾಯಿಯನ್ನು ಆಳಿನ ಕೈಗೆ ಬಿಟ್ಟು ಷೇರು ನೋಡುತ್ತಾ ಕೂತಿದ್ದಾಳೆ ಎಂದು ಜನ ಆಡಿಕೊಂಡಾರು ಎಂಬ ಭಯ. ಅದಕ್ಕೆ ಫೋನಿನಲ್ಲಿ ಎಲ್ಲರ ಹತ್ತಿರವೂ, “ಅಮ್ಮಂಗೆ ನರ್ಸ್ ಇಟ್ಟಿದ್ದೀನಿ” ಎನ್ನುತ್ತಿದ್ದಳು. ರೋಗವಿದ್ದರೆ ಮರ್ಯಾದೆ, ಒಂಟಿತನವಿದ್ದರೆ ಅವಮಾನ! ಇದ್ಯಾವ ಸೀಮೆ ನ್ಯಾಯವೋ ನನಗಂತೂ ತಿಳಿಯದು.

ಗೃಹಪ್ರವೇಶದ ದಿನ ನಾನೂ ಹೋಗಿದ್ದೆ. ಮನೆ ತುಂಬ ರೇಷ್ಮೆ ಸೀರೆ. “ಇವರು ಗುಲ್ಶನ್, ಅಮ್ಮನ ನರ್ಸು” ಎಂದು ಶೈಲಜಾ ಪರಿಚಯಿಸಿದ್ದೇ, ಒಬ್ಬರು ಮೊಣಕೈ ಚಾಚಿದರು, ಇನ್ನೊಬ್ಬರು ಮಗುವಿನ ಬೆನ್ನಿನ ಗುಳ್ಳೆ ತೋರಿಸಿದರು. “ನಾ ನರ್ಸ್ ಅಲ್ರೀ” ಎಂದು ಅವಳೆಂದರೆ ಶೈಲಜಾ ನಗುತ್ತಾ, “ತುಂಬಾ ವಿನಯ ಇವರಿಗೆ!” ಎಂದಳು. ನನಗೆ ಮೈಯೆಲ್ಲ ಉರಿಯಿತು.

ಆ ವರ್ಷ ಎಲ್ಲಿ ನೋಡಿದರೂ ಗೃಹಪ್ರವೇಶ. ಪುರೋಹಿತರು ಬೆಳಿಗ್ಗೆಯೇ ಇನ್ನೊಂದು ಮನೆ ಮುಗಿಸಿ, ಬರುವಾಗ ಫ್ರೀವೇಯಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಪೂಜೆಯಾಗುವವರೆಗೆ ಮನೆಯವರು ಏನೂ ತಿನ್ನುವ ಹಾಗಿಲ್ಲ. ಆದರೆ ಶೈಲಜಾ ದಿನದಂತೆ ಬೆಳಿಗ್ಗೆಯೇ ತಾಯಿಗೆ ಇನ್ಸುಲಿನ್ ಹಾಕಿಬಿಟ್ಟಿದ್ದಳು.

ಗುಲ್ಶನ್ ಬಟ್ಟಲಲ್ಲಿ ಉಪ್ಪಿಟ್ಟು ಹಿಡಿದು ಬಂದಳು. “ಸೂಜಿ ಹಾಕಿದ ಮ್ಯಾಲ ಹೊಟ್ಟಿ ಖಾಲಿ ಇಡಬ್ಯಾಡ್ರಿ ಅಂತ ದಿನಾ ನೀವ ಹೇಳ್ತೀರಲ್ರೀ.”

“ಅಯ್ಯೋ, ಇವತ್ತೊಂದಿನ ಸುಮ್ನಿರಿ. ಇನ್ನೇನು ಬಂದ್ಬಿಡ್ತಾರೆ” ಎಂದು ಶೈಲಜಾ ಬಟ್ಟಲನ್ನು ಒಳಗೆ ಒಯ್ದಳು.

ಸ್ವಲ್ಪ ಹೊತ್ತಿಗೆ ಬಂಗಾರೆವ್ವ ಬೆವತು, ತೊದಲುತ್ತಾ ಸೋಫಾದ ಮೇಲೆ ವಾಲಿದಳು. ಎಲ್ಲರೂ ಸುತ್ತ ಮುತ್ತಿಕೊಂಡರು. ಆನಂದತೀರ್ಥ ಎಂಬ ಒಬ್ಬ ಸಾಫ್ಟ್‌ವೇರ್ ಮಹಾಶಯ, “ಶುಗರ್ ಏರಿದೆ, ಇನ್ಸುಲಿನ್ ಹಾಕಿ!” ಎಂದು ಕೂಗಿದ. ಶೈಲಜಾ ಫ್ರಿಜ್ಜಿನಿಂದ ಔಷಧಿ, ಸಿರಿಂಜು ತಂದು ಗುಲ್ಶನ್ ಕೈಗೆ ತುರುಕಿದಳು. “ಹಾಕಿ, ಬೇಗ ಹಾಕಿ! ನೀವು ನರ್ಸ್ ಅಲ್ವಾ?”

ಕೇಳಿದಿರಾ? ಊರಿಗೆಲ್ಲ ಹೇಳಿದ ಸುಳ್ಳನ್ನು ಕೊನೆಗೆ ಅವಳೇ ನಂಬಿಬಿಟ್ಟಿದ್ದಳು.

“ನಾ ನರ್ಸ್ ಅಲ್ರೀ! ಶುಗರ್ ಏರೇತೋ ಇಳದೇತೋ ನನಗ ತಿಳಿಯೂದಿಲ್ಲ. ನಾ ಹಾಕೂದಿಲ್ಲ, ಯಾರಿಗೂ ಹಾಕಾಕ ಬಿಡೂದೂ ಇಲ್ಲ” ಎಂದು ಗುಲ್ಶನ್ ಸಿರಿಂಜನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು.

“ಶೈಲಜಾ, ಅವಳು ನರ್ಸ್ ಅಲ್ಲ ಅಂತ ನಿಂಗೇ ಗೊತ್ತಲ್ಲೇ! ಆಂಬುಲೆನ್ಸ್ ಕರೆಸು” ಎಂದು ನಾನು ಕೂಗಾಡಿದೆ.

ಶಿವರಾಮು ಬಾಗಿಲ ತೋರಣ ನೋಡಿದ. “ಗೃಹಪ್ರವೇಶದ ದಿನವೇ ಬಾಗಿಲಿಗೆ ಆಂಬುಲೆನ್ಸಾ? ಅಪಶಕುನ ಕಣ್ರೀ. ಒಂದೈದು ನಿಮಿಷ ನೋಡೋಣ.”

ಥೂ! ಅತ್ತೆಯ ಜೀವ ಹೋಗುತ್ತಿದ್ದರೆ ಇವನಿಗೆ ಶಕುನದ ಚಿಂತೆ. ಅಷ್ಟರಲ್ಲಿ ಗುಲ್ಶನ್ ಮುದುಕಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ಫೋನು ಹಿಡಿದು, 911ಕ್ಕೆ ಮನೆಯ ವಿಳಾಸ ಹೇಳುತ್ತಿದ್ದಳು.

ಆಂಬುಲೆನ್ಸಿನವರು ಕೇಳಿದಾಗ ಅವಳು ಹೇಳಿದ್ದು ಇಷ್ಟು: ಬೆಳಿಗ್ಗೆ ಸೂಜಿ ಹಾಕಿದ್ದಾರೆ, ಆಮೇಲೆ ಏನೂ ತಿಂದಿಲ್ಲ. ಅವರು ಬೆರಳು ಚುಚ್ಚಿ ನೋಡಿದರು. ಶುಗರ್ ಪಾತಾಳಕ್ಕೆ ಇಳಿದಿತ್ತು. ಈಗ ಇನ್ಸುಲಿನ್ ಹಾಕಿದ್ದರೆ ಉಳಿಯುತ್ತಿರಲಿಲ್ಲ ಎಂದು ಒಬ್ಬ ಹೇಳಿದ. ಆನಂದತೀರ್ಥ ಪ್ರಸಾದಕ್ಕೂ ಕಾಯದೆ ಕಾರು ಹತ್ತಿದ.

ಬಂಗಾರೆವ್ವ ಆಸ್ಪತ್ರೆಯಿಂದ ಮರಳಿದ ಮೇಲೆ ನಾನು ನೋಡಲು ಹೋದೆ. ಗುಲ್ಶನ್ ಅವಳ ತಲೆ ಬಾಚುತ್ತಿದ್ದಳು. ಗೃಹಪ್ರವೇಶಕ್ಕೆ ಬಂದಿದ್ದ ಹೆಂಗಸೊಬ್ಬಳು ಹಣ್ಣು ಹಿಡಿದು ಬಂದಿದ್ದಳು. ಅವಳ ಮುಂದೆ ಶೈಲಜಾ ಹೇಳುತ್ತಿದ್ದಳು: “ನಮ್ ನರ್ಸ್ ಇದ್ದಿದ್ದಕ್ಕೆ ಅಮ್ಮ ಉಳಿದ್ರು.”

ಇನ್ನೂ ನರ್ಸು! ನಾನು ಬಾಯಿ ತೆರೆಯುವಷ್ಟರಲ್ಲಿ ಗುಲ್ಶನ್ ಬಾಚಣಿಗೆ ನಿಲ್ಲಿಸಿದಳು. “ನಾ ನರ್ಸ್ ಅಲ್ರೀ.”

“ಎಷ್ಟು ವಿನಯ ಅಲ್ವಾ!” ಎಂದು ಬಂದವಳು ನಕ್ಕಳು.

“ವಿನಯ ಅಲ್ರೀ. ಅವತ್ತ ಇವರ ಮಾತ ಕೇಳಿ ನಾ ನರ್ಸ್ ಆಗಿದ್ರ, ಈಗ ಯಾರ ತಲಿ ಬಾಚ್ತಿದ್ದೆ?”

ಬಂಗಾರೆವ್ವ ಮಗಳ ಕಡೆ ತಿರುಗಿದಳು. “ಹೇಳ ಶೈಲಾ. ಈಕಿ ಯಾರಂತ ನಿನ್ನ ಬಾಯಿಲೇ ಹೇಳು.”

ಶೈಲಜಾ ಕಣ್ಣು ತುಂಬಿಕೊಂಡಳು. ನೆಲ ನೋಡುತ್ತಾ ಹೇಳಿದಳು: “ಈಕಿ ನಮ್ಮವ್ವನ ಸಂಗಾಟ ಇರಾಕಿ.” ಅವಳ ಬಾಯಲ್ಲಿ ಊರಿನ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

“ಜೊತೇಲಿರೋದಾ? ಅಷ್ಟೇನಾ?” ಎಂದಳು ಬಂದವಳು.

“ಅಷ್ಟ ನೋಡವಾ,” ಎಂದಳು ಬಂಗಾರೆವ್ವ. “ಅಷ್ಟ ಇದ್ದಿದ್ದಕ್ಕ ನಾ ಇನ್ನೂ ಅದೀನಿ.”