ಹುಲುಗಮ್ಮನ ಕಣ್ಣು, ಟೀಚರ್ ಮನಿ ಸ್ಕ್ರೀನು

ಕೊಟ್ಟೂರಾಗ ಇನ್ನೂ ಹಾಲಿನವರು ಬಂದಿಲ್ಲ. ಗಂಗಾಂಬಿಕಾ ಟೀಚರ್ ಮನಿ ಪಡಸಾಲಿಯೊಳಗ ಹುಲುಗಮ್ಮ ಕಂಪ್ಯೂಟರ್ ಸ್ಕ್ರೀನಿನ ಮುಂದ ರೆಪ್ಪಿ ಬಡೀದಂಗ ಕುಂತಾಳ. ಸ್ಕ್ರೀನಿನಾಗ ಯಾವುದೋ ಆಟದ ಕತ್ತಲ ಗವಿ. ಆ ಕತ್ತಲು ಒಮ್ಮಿ ಬೆಳ್ಳಗಾಗತೈತಿ, ಒಮ್ಮಿ ಮಂಕಾಗತೈತಿ. ಅಂಗೈಯಾಗ ಬೆವರು ಕೊಡ ತುಂಬುವಷ್ಟು ಬಂದೈತಿ ಆಕಿಗೆ.

ಟೀಚರ್ ಹೈಸ್ಕೂಲಿನಾಗ ಲೆಕ್ಕ ಹೇಳ್ತಾರ. ಸಂಜಿಗೆ ಮನಿಗೆ ಬಂದು ರಾಕ್ಷಸರನ್ನ ಕೊಲ್ಲೋ ಆಟ ಆಡ್ತಾರ. ಇಲ್ಲೀತನಕ ಕೊಂದವರನ್ನ ಹೂಳಾಕ ಕೂಡ್ಲಿಗಿ ತಾಲೂಕು ಸಾಲಂಗಿಲ್ಲ. ದೊಡ್ಡ ಕಂಪ್ಯೂಟರ್ ಮಾಳಿಗಿ ಮ್ಯಾಲೈತಿ, ಮಂಡಿ ನೋವಿಗೆ ಮೆಟ್ಟಲ ಹತ್ತಾಕ ಆಗವಲ್ದು. ಅದಕ್ಕ ಹೋದ ವಾರ ಹುಲುಗಮ್ಮ ಮ್ಯಾಲಿನ ಆಟನ ವೈಫೈದಾಗ ಕೆಳಗಿನ ಹಳೇ ಕಂಪ್ಯೂಟರಿಗೆ ತಂದು, ಹೊಸ ಸ್ಕ್ರೀನ್ ಹಚ್ಚಿಕೊಟ್ಲು. ಟೀಚರ್ ತಕರಾರೇನೂ ಮಾಡಿಲ್ಲ. ಆದ್ರ ಆವತ್ತೇ ಈ ಮಿಣುಕು ಆಕಿಗೆ ಕಂಡಿತ್ತು. ತಡಕೊಳ್ಳಾಕ ಆಗದ ಇವತ್ತು ಮೊದಲ ಬಸ್ಸಿಗೆ ತಾನಾಗೇ ಬಂದಾಳ.

ಹುಲುಗಮ್ಮ ಹಗರಿಬೊಮ್ಮನಹಳ್ಳಿಯಾಕಿ, ನಲವತ್ನಾಲ್ಕು ವರ್ಷ. ಯರ್ರೆಪ್ಪನ ಟಿವಿ ರಿಪೇರಿ ಅಂಗಡಿ ಕಸ ಹೊಡಿಯಾಕ ಹೋದಾಕಿ, ನೋಡಿ ನೋಡೇ ಕೆಲಸ ಕಲತಾಳ. ದಿನಕ್ಕ ನಾಕು ಸ್ಕ್ರೀನ್ ಮುಗಸ್ತಾಳ. ಹಡಗಲಿ, ಹರಪನಹಳ್ಳಿ, ಎಲ್ಲಿ ಕರದ್ರೂ ಹೊಂಟ್ಲು. ಮಷಿನ್ನು ಅಂತ ಏನೂ ಇಟ್ಟಿಲ್ಲ, ಎಲ್ಲಾ ಕಣ್ಣಳತಿ. ಮೈಲಾರದಾಗ ಸೊಳ್ಳಿ ರೆಕ್ಕಿ ಬಡದ್ರ ಹೊಳಲಿನಾಗ ಕುಂತು ಎಣಸ್ತಾಳ.

ಇದ್ದದ್ದೇ ಆ ಎರಡು ಕಣ್ಣು. ಆಕಿ ಅವ್ವಗ ಇದೇ ವಯಸ್ಸಿನಾಗ ದೀಪ ಮಿಣುಕಿದಂಗ ಕಾಣಾಕ ಹತ್ತಿತ್ತು. ಎರಡು ವರ್ಷಕ್ಕ ಮಗಳ ಮುಖ ತಡವಿ ಗುರುತು ಹಿಡಿಯೋ ಹಂಗಾತು. ಅದು ನೆನಪಾಗಿ ಹುಲುಗಮ್ಮ ವಾರದಿಂದ ಅಂಗಡ್ಯಾಗ ಒಂದೂ ಸ್ಕ್ರೀನ್ ಹಚ್ಚಿಲ್ಲ. ಅದ್ರಾಗೂ ಮಿಣುಕಿದ್ರ? ಗಿರಾಕಿಗೆ ಸಾಮಾನು ಬಂದಿಲ್ಲ ಅಂತ ಸುಳ್ಳು ಹೇಳ್ಯಾಳ.

"ಟೀಚರ್, ಈ ಕತ್ತಲು ಅಲಗಾಡೋದು ಕಾಣತೈತೇನ್ರಿ?"

ಟೀಚರ್ ಕನ್ನಡಕ ಏರಿಸಿ ನೋಡ್ತಾರ. "ಏನೂ ಇಲ್ಲಲ್ಲಬೇ. ಚಾ ಕುಡದಿಲ್ಲ ನೀನು, ಅದಕ್ಕ ಹಂಗ."

ಹುಲುಗಮ್ಮ ಒಂದು ಕಣ್ಣು ಮುಚ್ಚತಾಳ, ಮಿಣುಕತೈತಿ. ಇನ್ನೊಂದು ಮುಚ್ಚತಾಳ, ಆಗೂ ಮಿಣುಕತೈತಿ. ಕಡೀಕ ಫೋನ್ ತಗದು ಸ್ಕ್ರೀನಿನ ವಿಡಿಯೋ ಹಿಡೀತಾಳ, ನಿಧಾನಕ ಓಡೋ ವಿಡಿಯೋ. ಹಿಡದಾಕಿ ನೋಡವಲ್ಲಳು.

"ಯಾಕ, ನೋಡಬಾರದ?"

"ಅಂಜಿಕಿ ಟೀಚರ್. ನನಗ ನಮ್ಮವ್ವನ ಕಣ್ಣು ಬಂದಾವೇನೋ. ಫೋನಿಗರ ಬಂದಿಲ್ಲಲ್ಲ. ಇದ್ರಾಗ ಮಿಣುಕದಿದ್ರ ತಪ್ಪು ನನ್ನ ಕಣ್ಣಿಂದೇ."

ಟೀಚರೇ ಗುಂಡಿ ಒತ್ತತಾರ. ವಿಡಿಯೋದಾಗ ಗವಿ ಬೆಳ್ಳಗಾಗತೈತಿ, ಮಂಕಾಗತೈತಿ. ಈಗ ಟೀಚರಿಗೂ ಕಾಣತೈತಿ, ಮಿಣುಕು ಸ್ಕ್ರೀನಿಂದೇ.

ಆಮ್ಯಾಲೆ ಹುಲುಗಮ್ಮನ ಬೆರಳು ಕೀಬೋರ್ಡಿನ ಮ್ಯಾಲೆ ಓಡತಾವ, ಕಾರಣ ಸಿಗತೈತಿ. ಮಾಳಿಗಿಯಿಂದ ವೈಫೈದಾಗ ಚಿತ್ರ ಒಂದು ಬಿರ್ರನ ಬರತೈತಿ, ಒಂದು ತಡಾಗಿ ಬರತೈತಿ. ಹೊಸ ಸ್ಕ್ರೀನು ಬಂದ ಚಿತ್ರಕ್ಕ ತಕ್ಕಂಗ ತನ್ನ ವೇಗ ಏರಸೂದು ಇಳಸೂದು ಮಾಡತೈತಿ. ಆ ಏರಿಳಿತಕ್ಕ ಕತ್ತಲು ಮಿಣುಕತೈತಿ. ಆ ಸೆಟ್ಟಿಂಗ್ ತಗದು ಸ್ಕ್ರೀನನ್ನ ಒಂದೇ ವೇಗಕ್ಕ ನಿಲ್ಲಿಸ್ತಾಳ. ಗವಿ ಕಲ್ಲಿನಂಗ ನಿಂತ್ಕೋತೈತಿ.

ಆದ್ರೂ ಒಮ್ಮಿ ಹೊಸಪ್ಯಾಟಿ ಕಣ್ಣಿನ ಆಸ್ಪತ್ರಿಗೆ ತೋರಿಸು, ನಾನೂ ಬರ್ತೀನಿ ಅಂತಾರ ಟೀಚರ್. ಹುಲುಗಮ್ಮ ಸೆರಗಿಲೆ ಮುಖ ಒರಸ್ಕೋತಾಳ.

"ಡಾಕ್ಟರು ಏನಂತಾರೋ ಅಂತ ಅಂಜಿ ಇಷ್ಟು ವರ್ಷ ಹೋಗಿಲ್ರಿ. ಅಂಜಿಕಿ ಈಗೂ ಐತಿ. ಆದ್ರ ಹೋಗಿ ಹೇಳ್ತೀನಿ: ಲೆಕ್ಕದ ಟೀಚರಿಗೆ ಕಾಣದ್ದು ಈ ಕಣ್ಣಿಗೆ ಕಂಡೈತಿ, ನೋಡ್ಕೊಂಡು ಮುಟ್ರಿ."